ಒಂದೇ ಹಲಗೆ, ನಾಲ್ಕು ಮೂಲೆ: ಹೈಡಾ ಗೆಳತಿಯ ಜೊತೆ ಬೆಂಟ್‌ವುಡ್ ಪೆಟ್ಟಿಗೆ ಮಾಡಿದ್ದು

ಮೊದಲನೇ ಹಲಗೆ ಎರಡನೇ ಮೂಲೆಯಲ್ಲಿ ಸೀಳಿ ಹೋಯಿತು. ಹಬೆಯಿಂದ ತೆಗೆದು ಅರ್ಧ ನಿಮಿಷವೂ ಆಗಿರಲಿಲ್ಲ. ಮೊದಲ ಮೂಲೆ ನೆನೆಸಿದ ಅಡಿಕೆ ಹಾಳೆಯ ಹಾಗೆ ಸಲೀಸಾಗಿ ಬಗ್ಗಿತ್ತು, ಇಬ್ಬರಿಗೂ ಧೈರ್ಯ ಬಂದಿತ್ತು, ಎರಡನೆಯದನ್ನು ಬಗ್ಗಿಸುವಾಗ ಮುಕ್ಕಾಲು ಪಾಲು ಆದ ಮೇಲೆ ಟಕ್ ಅಂತ ಸದ್ದು. ಹೊರಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು. ಅದರ ಸಂದಿಯಿಂದ ಹಬೆ ಬರುತ್ತಿತ್ತು. ಗೆಳತಿ ಕೈಗವಸು ತೆಗೆದು ಬಿರುಕಿನ ಮೇಲೆ ಬೆರಳು ಓಡಿಸಿ, "ಇಲ್ಲಿ ನೋಡು, ಮರದ ಎಳೆ ಹೊರಗೆ ಓಡಿದೆ" ಎಂದಳು. ಅವಳು ಹೇಳಿದ್ದು ಸರಿ. ಆದರೆ ಕಾರಣ ಅದೊಂದೇ ಅಲ್ಲ, ಇನ್ನೂ ಎರಡಿದ್ದವು, ಅದಕ್ಕೆ ಆಮೇಲೆ ಬರುತ್ತೇನೆ.

ಈ ಪೆಟ್ಟಿಗೆ ನನ್ನದಲ್ಲ, ಅವಳದ್ದು. ನಾನು ಬ್ರಹ್ಮಾವರದ ಕಡೆಯವನು, ಈಗ ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿದ್ದೇನೆ, ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಮರಗೆಲಸ ಮಾಡುತ್ತೇನೆ. ಅವಳು ಗೇಮ್ ಕಂಪನಿಯಲ್ಲಿ ಡಿಜಿಟಲ್ ಆರ್ಟಿಸ್ಟ್, ಹನ್ನೆರಡು ವರ್ಷದಿಂದ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವುದೇ ಕೆಲಸ. ಅವಳ ತಾಯಿಯ ಕಡೆಯವರು ಹೈಡಾ ಜನ. ಬ್ರಿಟಿಷ್ ಕೊಲಂಬಿಯಾದ ಉತ್ತರ ಕರಾವಳಿಯಿಂದ ಆಚೆ, ಪೆಸಿಫಿಕ್ ಸಮುದ್ರದಲ್ಲಿರುವ ಹೈಡಾ ಗ್ವಾಯ್ ದ್ವೀಪಗಳವರು. 2010ರವರೆಗೆ ನಕ್ಷೆಗಳಲ್ಲಿ ಅದಕ್ಕೆ ಕ್ವೀನ್ ಷಾರ್ಲೆಟ್ ದ್ವೀಪಗಳು ಅಂತ ಹೆಸರಿತ್ತು, ಆ ವರ್ಷ ಹೈಡಾ ಗ್ವಾಯ್ ಅನ್ನುವ ಹೆಸರು ಅಧಿಕೃತವಾಯಿತು. ಅವಳು ಮಾತ್ರ ಹುಟ್ಟಿ ಬೆಳೆದದ್ದು ಪೂರ್ತಿ ವ್ಯಾಂಕೂವರ್‌ನಲ್ಲಿ.

ಒಂದು ದಿನ ನನ್ನ ಗ್ಯಾರೇಜಿಗೆ ಬಂದು, "ನಿನ್ನ ಹತ್ತಿರ ಹಬೆ ಪೆಟ್ಟಿಗೆ ಇದೆಯಾ? ಹಲಗೆ ಬಗ್ಗಿಸಬೇಕು" ಎಂದಳು. ಇರಲಿಲ್ಲ. ಪ್ಲೈವುಡ್ ಇತ್ತು, ಹೀಗೆ ಶುರುವಾಯಿತು.

ಬೆಂಟ್‌ವುಡ್ ಪೆಟ್ಟಿಗೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಾವೆಲ್ಲ ಪೆಟ್ಟಿಗೆ ಅಂದರೆ ನಾಲ್ಕು ಹಲಗೆ, ನಾಲ್ಕು ಜೋಡಣೆ, ಮೊಳೆ ಅಂತ ಯೋಚಿಸುತ್ತೇವೆ ಅಲ್ವಾ? ಇದರಲ್ಲಿ ನಾಲ್ಕೂ ಬದಿಗೆ ಸೇರಿ ಒಂದೇ ಉದ್ದ ಹಲಗೆ. ಅದರ ಒಳಮೈಯಲ್ಲಿ ಮೂರು ಕಡೆ ಅಡ್ಡಕ್ಕೆ ಕಚ್ಚು ಹಾಕುತ್ತಾರೆ, ಹಲಗೆ ತುಂಡಾಗುವುದಿಲ್ಲ, ಹೊರಗಡೆ ಬರೀ 3 ಮಿ.ಮೀ. ಮರ ಉಳಿದಿರುತ್ತದೆ. ಹಬೆಯಲ್ಲಿ ಬೇಯಿಸಿ ಮೂರು ಕಚ್ಚಿನಲ್ಲೂ ಬಗ್ಗಿಸಿದರೆ ಹಲಗೆಯ ಎರಡು ತುದಿಗಳು ಬಂದು ನಾಲ್ಕನೇ ಮೂಲೆಯಲ್ಲಿ ಸೇರುತ್ತವೆ. ಅಲ್ಲಿ ಮಾತ್ರ ಜೋಡಣೆ. ಮರದ ಮೊಳೆ ಹೊಡೆಯುತ್ತಾರೆ, ಅಥವಾ ಸ್ಪ್ರೂಸ್ ಮರದ ಬೇರಿನಿಂದ ಹೊಲಿಯುತ್ತಾರೆ. ಹೈಡಾ ಜನ ಮಾತ್ರವಲ್ಲ, ಟ್ಲಿಂಗಿಟ್, ಸಿಂಶಿಯನ್ ಮುಂತಾದ ಆ ಇಡೀ ಕರಾವಳಿಯ ಜನರಿಗೆ ಈ ವಿದ್ಯೆ ಗೊತ್ತಿತ್ತು. ಒಣ ಮೀನು, ಹಣ್ಣು, ಊಲಕನ್ ಅನ್ನುವ ಸಣ್ಣ ಮೀನಿನ ಎಣ್ಣೆ, ಕುಣಿತದ ಉಡುಪು ಎಲ್ಲ ಇದರಲ್ಲೇ. ನೀರು ಸೋರುವುದಿಲ್ಲ. ಎಷ್ಟೆಂದರೆ ಒಳಗೆ ನೀರು ತುಂಬಿ, ಕಾದ ಕಲ್ಲು ಹಾಕಿ, ಅಡುಗೆ ಬೇಯಿಸುತ್ತಿದ್ದರು. ಮರದ ಪೆಟ್ಟಿಗೆಯಲ್ಲಿ ಅಡುಗೆ!

ಅವಳು ಹಲಗೆಯ ನಕ್ಷೆ ನೋಡಿದ ಕೂಡಲೇ ಹೇಳಿದ್ದು ನನಗೆ ಈಗಲೂ ನೆನಪಿದೆ. "ಇದು ಯುವಿ ಅನ್‌ರ್ಯಾಪ್." ತ್ರೀಡಿ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ, ಒಂದು ವಸ್ತುವಿನ ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿ ಅದರ ಮೇಲೆ ಬಣ್ಣ ಹಾಕುವುದು. ಎಲ್ಲಾದರೂ ಒಂದು ಕಡೆ ಹೊಲಿಗೆ ಬಂದೇ ಬರುತ್ತದೆ, ಅದನ್ನು ಕಣ್ಣಿಗೆ ಬೀಳದ ಹಿಂಭಾಗದಲ್ಲಿ ಇಡುತ್ತಾರೆ. ನಾವೂ ನಾಲ್ಕನೇ ಮೂಲೆಯನ್ನು ಹಿಂದಕ್ಕೆ ಇಡುವುದು ಅಂತ ಅಲ್ಲೇ ತೀರ್ಮಾನ ಮಾಡಿದೆವು.

ಮರದ ವಿಷಯ. ಇದಕ್ಕೆ ರೆಡ್ ಸೀಡರ್ ಬೇಕು. ಗಂಟು ಒಂದೂ ಇರಬಾರದು. ಎಳೆ ಹಲಗೆಯ ಉದ್ದಕ್ಕೆ ನೇರವಾಗಿ ಓಡಬೇಕು, ಕ್ವಾರ್ಟರ್ ಸಾನ್ ಆಗಿರಬೇಕು, ಅಂದರೆ ಹಲಗೆಯ ತುದಿ ನೋಡಿದಾಗ ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಂತಿರಬೇಕು. ಹಿಂದೆ ಹೈಡಾ ಜನ ಕೆಲವು ಸಲ ನಿಂತ ಮರದಿಂದಲೇ ಬೆಣೆ ಹೊಡೆದು ಹಲಗೆ ಸೀಳಿ ತೆಗೆಯುತ್ತಿದ್ದರು, ಮರವನ್ನು ಉರುಳಿಸುತ್ತಿರಲಿಲ್ಲ. ಹಾಗೆ ಹಲಗೆ ಕೊಟ್ಟ ಮರಗಳು ಆ ಕಾಡಿನಲ್ಲಿ ಈಗಲೂ ಗಾಯದ ಗುರುತು ಹೊತ್ತು ನಿಂತಿವೆ. ಸೀಳಿದ ಹಲಗೆಯ ಲಾಭ ಏನೆಂದರೆ ಸೀಳು ಎಳೆಯ ಜೊತೆಗೇ ಹೋಗುತ್ತದೆ. ಗರಗಸಕ್ಕೆ ಎಳೆ ಗೊತ್ತಿಲ್ಲ, ಅದು ತನ್ನ ಪಾಡಿಗೆ ನೇರ ಕೊಯ್ಯುತ್ತದೆ. ನಾವು ತಂದದ್ದು ಗರಗಸದ ಹಲಗೆ. ಮರದಂಗಡಿಯಲ್ಲಿ ಅರ್ಧ ದಿನ ಒಂದೊಂದೇ ಹಲಗೆ ಎತ್ತಿ, ತುದಿ ನೋಡಿ, ಪಕ್ಕ ನೋಡಿ, ಕೊನೆಗೆ ಎರಡು ಆರಿಸಿದೆವು.

ಅಳತೆ: ಹೊರಗಿನಿಂದ ಒಂದೊಂದು ಬದಿ 22 ಸೆಂ.ಮೀ., ಎತ್ತರ 26 ಸೆಂ.ಮೀ. ಅಂದರೆ ಹಲಗೆಯ ಅಗಲವೇ ಪೆಟ್ಟಿಗೆಯ ಎತ್ತರ. ಉದ್ದ 92 ಸೆಂ.ಮೀ., ನಾಲ್ಕು ಬದಿಗೆ 88, ಉಳಿದದ್ದು ಜೋಡಣೆಗೆ ಮತ್ತು ತಪ್ಪಿಗೆ. ದಪ್ಪ 15 ಮಿ.ಮೀ.

ಕಚ್ಚು ಹಾಕುವುದೇ ಈ ಕೆಲಸದ ಜೀವ. ಮೊದಲು ನಾನು ಸುಮ್ನೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡೂ ಕಡೆ ಓರೆ ಮಾಡಿ ಕೊಯ್ದರೆ ಸಾಕು ಅಂದುಕೊಂಡಿದ್ದೆ. ಹಾಗೂ ಮಾಡಬಹುದು. ಆದರೆ ಹಳೆಯವರು ಮಾಡಿದ್ದು ಬೇರೆ ಥರ. ಕಚ್ಚಿನ ಒಂದು ಬದಿ ನೇರವಾಗಿ ಇಳಿಯುತ್ತದೆ, ಇನ್ನೊಂದು ಬದಿಯನ್ನು ಬುಡದಲ್ಲಿ ಒಳಕ್ಕೆ ಕೊರೆದಿರುತ್ತಾರೆ. ಬಗ್ಗಿಸಿದಾಗ ಒಂದರ ಅಂಚು ಇನ್ನೊಂದರ ಕೊರಕಲಿನಲ್ಲಿ ಹೋಗಿ ಕೂರುತ್ತದೆ. ಬೀಗ ಬಿದ್ದ ಹಾಗೆ. ಮೊದಲು ಗರಗಸದಿಂದ ಗೆರೆ ಕೊಯ್ದು, ಉಳಿಯಿಂದ ತೆಗೆದು, ಆ ಒಳಗಿನ ಕೊರಕಲನ್ನು ಮಾತ್ರ ಬಾಗಿದ ಚೂರಿಯಿಂದ ಕೆತ್ತಬೇಕು. ಈ ಬಾಗಿದ ಚೂರಿ ಆ ಕರಾವಳಿಯ ಕೆತ್ತನೆಗಾರರ ಮುಖ್ಯ ಉಪಕರಣ, ನಮ್ಮ ಆಚಾರಿಗಳಿಗೆ ಬಾಚಿ ಇದ್ದ ಹಾಗೆ. ತನ್ನ ಕಡೆಗೆ ಎಳೆದು ಕೆತ್ತುವುದು. ಅವಳ ಕೈ ಅದಕ್ಕೆ ನನಗಿಂತ ಬೇಗ ಹೊಂದಿಕೊಂಡಿತು, ಸ್ಟೈಲಸ್ ಹಿಡಿದು ಹಿಡಿದು ಮಣಿಕಟ್ಟಿನ ಹಿಡಿತ ಅಷ್ಟು ಚೆನ್ನಾಗಿದೆ.

ಇನ್ನು ಮೊದಲ ಹಲಗೆ ಯಾಕೆ ಸೀಳಿತು ಅನ್ನುವುದು. ಬಿರುಕು ಬಿಟ್ಟ ಮೂಲೆಯನ್ನು ಪೂರ್ತಿ ಮುರಿದು ಎರಡು ತುಂಡು ಮಾಡಿ ಬೆಳಕಿಗೆ ಹಿಡಿದು ನೋಡಿದೆವು. ಎಳೆ ಅಲ್ಲಿ ಓರೆಯಾಗಿ ಹೊರಮೈಗೆ ಬಂದು ಮುಗಿದಿತ್ತು, ಅದು ಒಂದು. ಕಚ್ಚಿನ ತಳ ಒಂದು ತುದಿಯಲ್ಲಿ 3 ಮಿ.ಮೀ., ಇನ್ನೊಂದು ತುದಿಯಲ್ಲಿ 5 ಮಿ.ಮೀ. ಇತ್ತು, ದಪ್ಪ ಇರುವ ಕಡೆ ಬಗ್ಗದೆ ಜಗ್ಗಿತು, ಅದು ಎರಡು. ಮೂರನೆಯದು ನನ್ನದೇ ತಪ್ಪು. ಹಬೆಯ ಯಂತ್ರದ ಸ್ವಿಚ್ ಹಾಕಿದ ಹೊತ್ತಿನಿಂದ ನಾನು ಮೂವತ್ತು ನಿಮಿಷ ಎಣಿಸಿದ್ದೆ. ಪ್ಲೈವುಡ್ ಪೆಟ್ಟಿಗೆ ಒಳಗೆ ಪೂರ್ತಿ ಕಾಯುವುದಕ್ಕೇ ಹದಿನೈದು ನಿಮಿಷ ಹೋಗಿತ್ತು. ಅರ್ಧ ಬೆಂದ ಹಲಗೆ ಅದು.

ಎರಡನೇ ಹಲಗೆಗೆ ಇದೆಲ್ಲ ಸರಿ ಮಾಡಿಕೊಂಡೆವು. ಹಲಗೆಯ ಹೆಚ್ಚುವರಿ ತುದಿಯಿಂದ ಒಂದು ತುಂಡು ಕೊಯ್ದು ಬೆಣೆ ಇಟ್ಟು ಸೀಳಿ ನೋಡಿದೆವು, ಸೀಳು ನೇರ ಹೋಯಿತು, ಅಂದರೆ ಹಲಗೆ ಒಳ್ಳೆಯದು. ಕಚ್ಚಿನ ಆಳ ಅಳೆಯಲು ಒಂದು ಪುಟ್ಟ ಮರದ ತುಂಡಿಗೆ ಮೊಳೆ ಹೊಡೆದು 12 ಮಿ.ಮೀ. ಹೊರಗೆ ಬಿಟ್ಟೆವು. ಆ ತುಂಡನ್ನು ಕಚ್ಚಿನ ಉದ್ದಕ್ಕೂ ಜಾರಿಸುತ್ತಾ ಹೋದರೆ ಮೊಳೆ ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನೂ ಕೆತ್ತಬೇಕು, ಎಲ್ಲಿ ತಳ ಮುಟ್ಟುವುದಿಲ್ಲವೋ ಅಲ್ಲಿ ಜಾಸ್ತಿ ಹೋಗಿದೆ. ಪ್ರತಿ ಕಚ್ಚನ್ನೂ ಹೀಗೆ ಹತ್ತು ಹನ್ನೆರಡು ಸಲ ನೋಡಿದ್ದೇವೆ. ಆಮೇಲೆ ಹಲಗೆಯನ್ನು ಎರಡು ದಿನ ಸ್ನಾನದ ತೊಟ್ಟಿಯಲ್ಲಿ ನೆನೆಸಿಟ್ಟೆವು, ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ತೇಲುತ್ತದೆ. ಸೀಡರ್ ಅಷ್ಟು ಹಗುರ.

ಹಿಂದಿನ ಕಾಲದಲ್ಲಿ ಗುಂಡಿ ತೋಡಿ, ಕಾದ ಕಲ್ಲು ಹಾಕಿ, ಮೇಲೆ ಒದ್ದೆ ಸಮುದ್ರ ಪಾಚಿ ಹೊದಿಸಿ ಹಬೆ ಹಿಡಿಸುತ್ತಿದ್ದರು. ನಮ್ಮದು ಗೋಡೆಗೆ ಅಂಟಿಸಿದ ಕಾಗದ ಬಿಡಿಸುವ ಹಬೆ ಯಂತ್ರ. ಈ ಸಲ ಪೆಟ್ಟಿಗೆಯ ಆಚೆ ತುದಿಯಿಂದ ಹಬೆ ಜೋರಾಗಿ ಬರಲು ಶುರುವಾದ ಮೇಲೆ ಗಡಿಯಾರ ನೋಡಿದೆವು. ನಲವತ್ತು ನಿಮಿಷ. ಅಷ್ಟರಲ್ಲಿ ಗ್ಯಾರೇಜ್ ತುಂಬಾ ಸೀಡರ್ ವಾಸನೆ, ಕಪಾಟಿನಲ್ಲಿಟ್ಟ ಹಳೆಯ ರೇಷ್ಮೆ ಸೀರೆ ತೆಗೆದಾಗ ಬರುತ್ತದಲ್ಲ, ಆ ಥರದ ಒಣ ಘಮ, ಜೊತೆಗೆ ಸ್ವಲ್ಪ ಮೆಣಸಿನ ಖಾರ. ಬಾಗಿಲು ತೆಗೆದೆವು, ಹಲಗೆ ಎಳೆದೆವು, ಕಚ್ಚುಗಳಿಗೆ ಕೆಟಲ್‌ನಿಂದ ಕುದಿಯುವ ನೀರು ಒಂದೊಂದು ಧಾರೆ ಹೊಯ್ದೆವು. ಅವಳು ಒಂದು ತುದಿ, ನಾನು ಇನ್ನೊಂದು ತುದಿ. ಮೊದಲು ಎರಡೂ ಕೊನೆಯ ಮೂಲೆಗಳು ಒಟ್ಟಿಗೆ, ಆಮೇಲೆ ನಡುವಿನದು. ಯಾರೂ ಮಾತಾಡಲಿಲ್ಲ. ನಡುವಿನ ಮೂಲೆ ಬಗ್ಗುತ್ತಾ ಬಗ್ಗುತ್ತಾ ಎರಡು ತುದಿಗಳು ಹತ್ತಿರ ಬಂದು, ಒಂದಕ್ಕೊಂದು ತಾಗಿ, ಚೌಕ ಆಯಿತು. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು. ಹಗ್ಗ ಸುತ್ತಿ, ಕೋಲು ಹಾಕಿ ತಿರುಚಿ, ಬೆಣೆ ತುರುಕಿ ಬಿಗಿ ಮಾಡಿದೆವು. ಕರ್ಣದ ಅಳತೆ ಎರಡೂ ಕಡೆ ನೋಡಿದರೆ 4 ಮಿ.ಮೀ. ವ್ಯತ್ಯಾಸ, ಒಂದು ಬೆಣೆ ಸರಿಸಿ ಅದನ್ನೂ ಸರಿ ಮಾಡಿದೆವು. ಅವಳು ನೆಲದ ಮೇಲೆ ಕೂತು ಆ ಚೌಕದ ಮೂಲೆಯನ್ನು ಅಂಗೈಯಿಂದ ಹಿಡಿದುಕೊಂಡೇ ಇದ್ದಳು, ಬಿಸಿ ಆರುವವರೆಗೆ.

ಆವತ್ತು ರಾತ್ರಿ ಅವಳು ಅಜ್ಜಿಯ ಬಗ್ಗೆ ಹೇಳಿದಳು. ಹೈಡಾ ಭಾಷೆಯಲ್ಲಿ ಅಜ್ಜಿಗೆ ನಾನಿ ಎನ್ನುತ್ತಾರೆ. ನಮ್ಮ ಹಿಂದಿಯ ನಾನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಆದರೂ ಕೇಳಿದಾಗ ನನಗೆ ಮೈ ಜುಂ ಅಂದಿತು. ಆ ನಾನಿಯನ್ನು ಚಿಕ್ಕವರಿದ್ದಾಗಲೇ ದೂರದ ರೆಸಿಡೆನ್ಶಿಯಲ್ ಶಾಲೆಗೆ, ಅಂದರೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರೆ ಮಾಡಿ ಇಡುತ್ತಿದ್ದ ಶಾಲೆಗೆ ಕಳಿಸಿದ್ದರು. ಅಲ್ಲಿ ಹೈಡಾ ಮಾತಾಡಿದರೆ ಪೆಟ್ಟು. ವಾಪಸ್ ಬಂದವರು ಮಕ್ಕಳಿಗೆ ಆ ಭಾಷೆ ಕಲಿಸಲೇ ಇಲ್ಲ, ಪೆಟ್ಟು ತಿನ್ನುವುದು ಬೇಡ ಅಂತ. ಇದು ಒಂದು ಮನೆಯ ಕತೆಯಲ್ಲ. 1862ರಲ್ಲಿ ಸಿಡುಬು ಬಂದು ಸಾವಿರಾರು ಜನ ಸತ್ತರು, ಇಡೀ ಹಳ್ಳಿಗಳು ಖಾಲಿಯಾದವು, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹೈಡಾ ಗ್ವಾಯ್‌ನಲ್ಲಿ ಉಳಿದ ಹೈಡಾ ಜನ ಆರುನೂರಕ್ಕಿಂತ ಕಡಿಮೆ. ಅದರ ಮೇಲೆ 1885ರಿಂದ 1951ರವರೆಗೆ ಕೆನಡಾ ಸರ್ಕಾರ ಪಾಟ್‌ಲ್ಯಾಚ್ ಮಾಡುವುದನ್ನೇ ಕಾನೂನು ಮಾಡಿ ನಿಷೇಧಿಸಿತ್ತು. ಪಾಟ್‌ಲ್ಯಾಚ್ ಅಂದರೆ ಹೆಸರಿಡುವುದು, ಕೆತ್ತಿದ ಕಂಬ (ಟೋಟೆಮ್ ಪೋಲ್) ನಿಲ್ಲಿಸುವುದು, ಸತ್ತವರ ಸ್ಥಾನ ತುಂಬುವುದು ಇವೆಲ್ಲ ಊರವರ ಎದುರು ನಡೆದು, ಬಂದವರಿಗೆಲ್ಲ ಉಡುಗೊರೆ ಕೊಡುವ ದೊಡ್ಡ ಊಟ. ಇಂಥ ಪೆಟ್ಟಿಗೆಗಳು ಅಲ್ಲೇ ಹೊರಗೆ ಬರುತ್ತಿದ್ದವು. ಅದು ನಿಂತರೆ ಪೆಟ್ಟಿಗೆ ಯಾರಿಗಾಗಿ ಮಾಡುವುದು?

ಕಲೆ ಹೋದದ್ದು ಹಾಗೆ, ತಿರುಗಿ ಬಂದದ್ದು ಒಬ್ಬೊಬ್ಬರಿಂದ. ಹೈಡಾ ಶಿಲ್ಪಿ ಬಿಲ್ ರೀಡ್ ಹೆಸರು ಅವಳು ಜಾಸ್ತಿ ಹೇಳುತ್ತಾಳೆ. ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದವರು, ತಾಯಿ ಹೈಡಾ, ಆದರೆ ತಾನು ಆ ಜನಕ್ಕೆ ಸೇರಿದವನು ಅನ್ನುವುದರ ಅರ್ಥ ಅವರಿಗೆ ದೊಡ್ಡವರಾದ ಮೇಲೆ ತಿಳಿದದ್ದು. ಅಜ್ಜನ ಸೋದರಮಾವ ಚಾರ್ಲ್ಸ್ ಎಡೆನ್‌ಷಾ ಮಾಡಿದ ಬಳೆಗಳನ್ನು ನೋಡಿ, ಅವುಗಳನ್ನು ನಕಲು ಮಾಡುತ್ತಾ ಮಾಡುತ್ತಾ ಕಲಿತರು. 1969ರಲ್ಲಿ ಹೈಡಾ ಕೆತ್ತನೆಗಾರ ರಾಬರ್ಟ್ ಡೇವಿಡ್‌ಸನ್ ಹೈಡಾ ಗ್ವಾಯ್‌ನ ಓಲ್ಡ್ ಮ್ಯಾಸೆಟ್‌ನಲ್ಲಿ ಕಂಬ ನಿಲ್ಲಿಸಿದಾಗ ಆ ಊರಲ್ಲಿ ಕಂಬ ಎದ್ದು ಸುಮಾರು ತೊಂಬತ್ತು ವರ್ಷ ಆಗಿತ್ತು. ಅವರಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅವಳ ನಾನಿ ಆ ದಿನ ಅಲ್ಲಿದ್ದರಂತೆ.

ಇನ್ನು ಚಿತ್ರದ ಕೆಲಸ, ನನಗೆ ಅತಿ ಹೆಚ್ಚು ಕಲಿಸಿದ ಭಾಗ.

ಮೊದಲೇ ಒಂದು ಮಾತು. ಈ ಪೆಟ್ಟಿಗೆಯ ಮೇಲೆ ನಾನು ಒಂದು ಗೆರೆಯನ್ನೂ ಎಳೆದಿಲ್ಲ. ಎಳೆಯಬಾರದು. ಹೈಡಾ ಜನರಲ್ಲಿ ಎರಡು ಪಂಗಡ, ಕಾಗೆಯದು ಮತ್ತು ಹದ್ದಿನದು, ಪ್ರತಿಯೊಂದರಲ್ಲೂ ಹಲವು ಕುಲಗಳು. ಪಂಗಡ ತಾಯಿಯಿಂದ ಬರುತ್ತದೆ. ಒಂದೇ ಪಂಗಡದೊಳಗೆ ಮದುವೆ ಇರಲಿಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಳಿಯಸಂತಾನದ ಮನೆಯಲ್ಲಿ ಬೆಳೆದವರಿಗೆ ಬಳಿ (ಕುಲ) ಅಂದರೆ ಏನು, ಅದು ಯಾಕೆ ಅಮ್ಮನಿಂದ ಬರುತ್ತದೆ ಅನ್ನುವುದು ಗೊತ್ತು. ಅವಳು ಹೇಳಿದ ತಕ್ಷಣ ನಾನು "ನಮ್ಮಲ್ಲೂ ಹಾಗೇ" ಎಂದೆ, ಅವಳು ನಂಬಲಿಲ್ಲ, ಅಮ್ಮನಿಗೆ ಫೋನ್ ಹಚ್ಚಿ ಹೇಳಿಸಿದೆ. ಒಂದೊಂದು ಕುಲಕ್ಕೂ ತನ್ನದೇ ಪ್ರಾಣಿಗಳ ಚಿಹ್ನೆಗಳಿವೆ, ಅವು ಕುಲದ ಆಸ್ತಿ. ಚೆನ್ನಾಗಿದೆ ಅಂತ ಯಾರೋ ತೆಗೆದುಕೊಂಡು ಬರೆಯುವುದಲ್ಲ. ಅವಳದ್ದು ಕಾಗೆ ಪಂಗಡ. ಅವಳೂ ಸುಮ್ಮನೆ ಬರೆಯಲಿಲ್ಲ, ಓಲ್ಡ್ ಮ್ಯಾಸೆಟ್‌ನಲ್ಲಿರುವ ದೊಡ್ಡಮ್ಮನಿಗೆ, ಅಂದರೆ ತಾಯಿಯ ಅಕ್ಕನಿಗೆ ಕೇಳಿದಳು. ಅವರು ಎರಡು ವಾರ ತೆಗೆದುಕೊಂಡು, ಹಿರಿಯರ ಹತ್ತಿರ ಮಾತಾಡಿ, ಓರ್ಕಾ ತಿಮಿಂಗಿಲ ಬರೆಯಬಹುದು ಎಂದರು.

ಅವಳ ಹತ್ತಿರ ಟ್ಯಾಬ್ಲೆಟ್‌ನಲ್ಲಿ ಮೊದಲೇ ಒಂದು ಓರ್ಕಾ ಇತ್ತು. ವೆಕ್ಟರ್, ಅಂದರೆ ಕಂಪ್ಯೂಟರಿನಲ್ಲಿ ಗೆರೆಗಳಿಂದ ಕಟ್ಟುವ ಚಿತ್ರ; ಒಂದೇ ದಪ್ಪದ ಕಪ್ಪು ಗೆರೆ, ಅರ್ಧ ಬರೆದು ಕನ್ನಡಿ ಮಾಡಿದ್ದು. ದೊಡ್ಡಮ್ಮನಿಗೆ ಕಳಿಸಿದಳು. ಅವರ ಉತ್ತರ ಒಂದೇ ಸಾಲು: "ಗೆರೆ ಉಸಿರಾಡುತ್ತಿಲ್ಲ ಮಗಳೇ."

ಅದನ್ನು ಹಿಡಿದುಕೊಂಡು ಅವಳು ಒಂದು ತಿಂಗಳು ಕೂತಳು. ಯುಬಿಸಿಯ, ಅಂದರೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಮ್ಯೂಸಿಯಂಗೆ ನಾಲ್ಕು ಸಲ ಹೋಗಿದ್ದೇವೆ, ಅಲ್ಲಿ ಬಿಲ್ ರೀಡ್ 1980ರಲ್ಲಿ ಮುಗಿಸಿದ ಹಳದಿ ಸೀಡರಿನ ದೊಡ್ಡ ಕಾಗೆ ಇದೆ, ಚಿಪ್ಪಿನೊಳಗಿಂದ ಮೊದಲ ಮನುಷ್ಯರು ಇಣುಕುತ್ತಿದ್ದಾರೆ. ಎಲ್ಲರೂ ಅದರ ಸುತ್ತ ನಿಲ್ಲುತ್ತಾರೆ. ಅವಳು ಮಾತ್ರ ಹಳೆಯ ಪೆಟ್ಟಿಗೆಗಳ ಎದುರು ಪುಸ್ತಕ ಹಿಡಿದು ಕೂತು ಬಿಡುತ್ತಿದ್ದಳು. ಫೋಟೋ ಬೇಡ, ಪೆನ್ಸಿಲ್ ಮಾತ್ರ.

ಅವಳು ಕಂಡುಕೊಂಡದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಈ ಕಲೆಯ ಕಪ್ಪು ಗೆರೆಗೆ ಫಾರ್ಮ್‌ಲೈನ್ ಅಂತ ಹೆಸರು, 1965ರಲ್ಲಿ ಬಿಲ್ ಹೋಮ್ ಅನ್ನುವವರು ಇಟ್ಟದ್ದು. ಅದು ಹೊರರೇಖೆ ಅಲ್ಲ. ಅದೇ ಪ್ರಾಣಿಯ ಮೈ. ಚಿತ್ರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಡಿಯದೆ ಹರಿಯುತ್ತದೆ, ಹರಿಯುತ್ತಾ ಉಬ್ಬುತ್ತದೆ, ಸಣ್ಣಗಾಗುತ್ತದೆ. ಕಣ್ಣು, ಕೀಲುಗಳು ಇರುವಲ್ಲಿ ಓವಾಯ್ಡ್ ಅನ್ನುವ ಆಕಾರ ಬರುತ್ತದೆ. ಮೂಲೆ ಮೊಂಡಾದ ಆಯತದ ಹಾಗೆ, ಆದರೆ ಮೇಲಂಚು ಉಬ್ಬಿ, ಕೆಳಂಚು ಸ್ವಲ್ಪ ಒಳಕ್ಕೆ ತಗ್ಗಿರುತ್ತದೆ. ಮೇಲೆ ಗೆರೆ ದಪ್ಪ, ಪಕ್ಕಕ್ಕೆ ಇಳಿಯುತ್ತಾ ತೆಳು. ಎರಡು ಗೆರೆ ಸೇರುವ ಕಡೆ ಕಪ್ಪು ಗುಡ್ಡೆ ಬೀಳುತ್ತದೆ, ಭಾರ ಆಗುತ್ತದೆ, ಅಲ್ಲಿ ಒಂದು ಪುಟ್ಟ ತ್ರಿಕೋನವನ್ನೋ ಎಳೆ ಚಂದ್ರನ ಥರದ ಸಂದಿಯನ್ನೋ ಖಾಲಿ ಬಿಡುತ್ತಾರೆ. ಆ ಖಾಲಿ ಜಾಗ ಸರಿ ಇದ್ದರೆ ಕಪ್ಪು ಹರಿಯುತ್ತದೆ.

ಒಂದು ಭಾನುವಾರ ಅವಳು ಡ್ರಾಯಿಂಗ್ ಶೀಟಿನಲ್ಲಿ ಓವಾಯ್ಡ್ ಅಚ್ಚು ಕತ್ತರಿಸುತ್ತಿದ್ದಳು. ಹಳೆಯ ಕಲಾವಿದರು ಸೀಡರ್ ತೊಗಟೆಯಲ್ಲಿ ಇಂಥ ಅಚ್ಚು ಮಾಡಿಟ್ಟುಕೊಳ್ಳುತ್ತಿದ್ದರು, ಅರ್ಧ ಭಾಗದ ಸುತ್ತ ಎಳೆದು, ಮಗುಚಿ, ಇನ್ನರ್ಧ ಎಳೆಯುತ್ತಿದ್ದರು. ಕಾಗದವನ್ನು ನಡುವೆ ಮಡಿಸಿ ಕತ್ತರಿ ಹಾಕಿದಳು. ಒಳಗಿನ ತುಂಡು ಕಳಚಿ ಮೇಜಿನ ಮೇಲೆ ಬಿತ್ತು. ಅವಳು ಅಚ್ಚನ್ನು ಬಿಟ್ಟು ಆ ಬಿದ್ದ ತುಂಡನ್ನೇ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಟ್ಯಾಬ್ಲೆಟ್ ತೆಗೆದು ಓರ್ಕಾವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದಳು. ಈ ಸಲ ಗೆರೆ ಎಳೆಯಲಿಲ್ಲ. ಕಪ್ಪಿನ ಹೊರ ಅಂಚನ್ನು ಬೇರೆ ಎಳೆದಳು, ಒಳ ಅಂಚನ್ನು ಬೇರೆ ಎಳೆದಳು, ನಡುವೆ ಕಪ್ಪು ತುಂಬಿದಳು. ವೆಕ್ಟರ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಎಲ್ಲ ವ್ಯತ್ಯಾಸ ಇರುವುದು ಇಷ್ಟರಲ್ಲೇ. ಸ್ಟ್ರೋಕ್‌ಗೆ, ಅಂದರೆ ಎಳೆದ ಗೆರೆಗೆ, ದಪ್ಪ ಕೊಟ್ಟರೆ ಎರಡೂ ಅಂಚು ಸಮಾನಾಂತರ ಹೋಗುತ್ತವೆ. ಫಾರ್ಮ್‌ಲೈನಿನಲ್ಲಿ ಎರಡು ಅಂಚುಗಳು ಎರಡು ಬೇರೆ ಆಕಾರಗಳಿಗೆ ಸೇರಿದವು.

ಕನ್ನಡಿ ಟೂಲನ್ನೂ ಬಿಟ್ಟಳು. ಅಚ್ಚು ಮಗುಚಿ ಎಳೆದಾಗ ಎಡ ಬಲ ಒಂದೇ ಥರ ಬಂದರೂ ಕೈ ಸ್ವಲ್ಪ ಆಚೀಚೆ ಆಗುತ್ತದೆ, ಕುಂಚದ ಬಣ್ಣ ಒಂದು ಕಡೆ ಕೂದಲೆಳೆ ಜಾಸ್ತಿ ಕೂರುತ್ತದೆ. ಹಾಗಿರುವುದೇ ಕಣ್ಣಿಗೆ ಹಿತ ಅಂತ ನನಗೂ ಅನ್ನಿಸಿದೆ.

ಅಷ್ಟರಲ್ಲಿ ನಾನು ಮರದ ಉಳಿದ ಕೆಲಸ ಮುಗಿಸಿದ್ದೆ. ನಾಲ್ಕನೇ ಮೂಲೆಯಲ್ಲಿ ಒಂದು ತುದಿಗೆ ಮೆಟ್ಟಿಲು ಕೊಯ್ದು ಇನ್ನೊಂದನ್ನು ಅದರಲ್ಲಿ ಕೂರಿಸಿ, ಮೇಪಲ್ ಮರದ ಏಳು ಮೊಳೆ ಹೊಡೆದದ್ದು. ತೂತುಗಳನ್ನು ಒಂದು ಮೇಲ್ಮುಖ ಒಂದು ಕೆಳಮುಖ ಹೀಗೆ ಓರೆಯಾಗಿ ಕೊರೆದರೆ ಮೊಳೆ ಎಳೆದರೂ ಬರುವುದಿಲ್ಲ. ಮೊಳೆಗಳನ್ನು ಮೊದಲು ಓವನ್‌ನಲ್ಲಿ ಚೆನ್ನಾಗಿ ಒಣಗಿಸಿದ್ದೆ, ಒಳಗೆ ಹೋದ ಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಬಿಗಿಯಾಗಲಿ ಅಂತ. ತಳಕ್ಕೆ 18 ಮಿ.ಮೀ. ಹಲಗೆ, ಸುತ್ತ ಮೆಟ್ಟಿಲು ಕೊಯ್ದು ಗೋಡೆ ಅದರ ಮೇಲೆ ಕೂರುವ ಹಾಗೆ ಮಾಡಿ, ಅದಕ್ಕೂ ಮರದ ಮೊಳೆ. ಅಂಟು ಎಲ್ಲೂ ಇಲ್ಲ. ನೀರು ತುಂಬಿಸಿ ನೋಡಿದೆವು. ನಾಲ್ಕನೇ ಮೂಲೆಯ ಬುಡದಲ್ಲಿ ಹನಿ ಹನಿ ಬಂತು, ಹತ್ತು ನಿಮಿಷದಲ್ಲಿ ಮರ ಉಬ್ಬಿ ತಾನಾಗಿ ನಿಂತಿತು. ಬಗ್ಗಿಸಿದ ಮೂರು ಮೂಲೆಗಳಲ್ಲಿ ಒಂದು ಹನಿಯೂ ಇಲ್ಲ. ಇರಬಾರದಲ್ಲ, ಅಲ್ಲಿ ಮರ ಕಡಿದೇ ಇಲ್ಲ.

ಮುಚ್ಚಳ 45 ಮಿ.ಮೀ. ದಪ್ಪ ಹಲಗೆ, ಅಡಿಯಿಂದ ಉಳಿಯಲ್ಲಿ ತೋಡಿ, ಬಾಯಿಯ ಮೇಲೆ ಟೋಪಿ ಹಾಗೆ 10 ಮಿ.ಮೀ. ಇಳಿಯುವಂತೆ ಮಾಡಿದ್ದು. ಹಳೆಯ ಮುಚ್ಚಳಗಳ ಅಂಚಿನಲ್ಲಿ ಸಮುದ್ರದ ಬಸವನಹುಳುವಿನ ಬಾಯಿ ಮುಚ್ಚುವ ಬಿಳಿ ಚಿಪ್ಪುಗಳನ್ನು ಸಾಲಾಗಿ ಕೂರಿಸಿರುತ್ತಾರೆ. ನಮಗೆ ಸಿಗಲಿಲ್ಲ, ಜಾಗ ಬಿಟ್ಟಿದ್ದೇವೆ.

ಬಣ್ಣ ಹಚ್ಚಲು ಅವಳಿಗೆ ಮೂರು ವಾರಾಂತ್ಯ ಬೇಕಾಯಿತು. ಹಿಂದೆ ಕಪ್ಪಿಗೆ ಇದ್ದಿಲು, ಕೆಂಪಿಗೆ ಕೆಮ್ಮಣ್ಣು, ಬಣ್ಣ ಹಿಡಿಯಲು ಸಾಲ್ಮನ್ ಮೀನಿನ ಮೊಟ್ಟೆಯನ್ನು ಸೀಡರ್ ತೊಗಟೆಯ ಜೊತೆ ಅಗಿದು ಉಗಿದ ರಸ. ನಾವು ಅಕ್ರಿಲಿಕ್ ಬಳಸಿದೆವು. ಮೊದಲು ಕಪ್ಪು, ಪೂರ್ತಿ. ಅದು ಮುಗಿದ ಮೇಲೇ ಒಳಗಿನ ಎರಡನೇ ಗೆರೆಗೆ ಕೆಂಪು. ಎದುರು ಬದಿಯಲ್ಲಿ ಓರ್ಕಾದ ಮುಖ, ಅಕ್ಕಪಕ್ಕದ ಬದಿಗಳಲ್ಲಿ ಈಜುರೆಕ್ಕೆಗಳು. ಮೂಲೆ ದಾಟುವಾಗ ಗೆರೆ ದುಂಡು ಅಂಚಿನ ಮೇಲೆ ಹೋಗಬೇಕು, ಸ್ಕ್ರೀನಿನ ನಕ್ಷೆಯಲ್ಲಿ ಅಲ್ಲಿ ಬರೀ ಒಂದು ನೇರ ಗೀಟು ಇತ್ತು. ಮರದ ಮೇಲೆ ಅದು ಒಂದು ಸೆಂ.ಮೀ. ಅಗಲದ ತಿರುವು. ಎದುರಿನಿಂದ ನೋಡಿದಾಗ ಸರಿ ಕಂಡ ಗೆರೆ ಮೂಲೆಯಿಂದ ನೋಡಿದರೆ ತೆಳುವಾಗಿತ್ತು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿಧಾನ ತಿರುಗಿಸುತ್ತಾ, ಉಸಿರು ಹಿಡಿದು ಎಳೆದಳು. ಅನ್‌ಡೂ ಇಲ್ಲ. ಎಡಗೈ ಬೆರಳು ಎರಡು ಸಲ ತಾನಾಗಿ ಗಾಳಿಯಲ್ಲಿ ಆ ಕೀಲಿ ಒತ್ತಿದ್ದನ್ನು ನಾನು ನೋಡಿದೆ.

ಮುಗಿದ ಪೆಟ್ಟಿಗೆಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಇಬ್ಬರೂ ಮ್ಯಾಸೆಟ್‌ಗೆ ವಿಮಾನದಲ್ಲಿ ಹೋದೆವು. ಇಡೀ ದಾರಿ ಅದು ಅವಳ ತೊಡೆಯ ಮೇಲೇ ಇತ್ತು. ಅಲ್ಲಿ ಮಳೆ, ಸಣ್ಣಗೆ, ನಿಲ್ಲದೆ. ದೊಡ್ಡಮ್ಮನ ಮನೆಯ ಅಡುಗೆ ಮೇಜಿನ ಮೇಲೆ ಪೆಟ್ಟಿಗೆ ಒಂದು ರಾತ್ರಿ ಕೂತಿತು. ಬೆಳಿಗ್ಗೆ ಅವರು ಕನ್ನಡಕ ಹಾಕಿಕೊಂಡು ಗೆರೆಯ ಮೇಲೆ ಬೆರಳು ಇಟ್ಟು ಎದುರು ಬದಿಯಿಂದ ಶುರು ಮಾಡಿ, ಮೂಲೆ ದಾಟಿ, ಹಿಂದಿನ ಜೋಡಣೆಯವರೆಗೆ ಒಂದು ಸುತ್ತು ಬಂದರು. ಏನೂ ಹೇಳಲಿಲ್ಲ. ಮುಚ್ಚಳ ತೆಗೆಯಲು ಹೋದರು, ಬರಲಿಲ್ಲ. ಗಟ್ಟಿಯಾಗಿ ಎತ್ತಿದರೆ ಮುಚ್ಚಳದ ಜೊತೆ ಪೆಟ್ಟಿಗೆಯೂ ಎದ್ದು ಬಂತು. ಬರ್ನಬಿಯ ಒಣ ಗ್ಯಾರೇಜಿನಲ್ಲಿ ಸಲೀಸಾಗಿ ಕೂರುತ್ತಿದ್ದ ಮುಚ್ಚಳ.

"ಇದು ಇಲ್ಲಿಯ ಗಾಳಿ ಕುಡಿದಿದೆ" ಎಂದರು ದೊಡ್ಡಮ್ಮ. ಡ್ರಾಯರ್ ಎಳೆದು, ಚಮಚಗಳ ಹಿಂದಿನಿಂದ ಬಟ್ಟೆ ಸುತ್ತಿದ ಒಂದು ಬಾಗಿದ ಚೂರಿ ತೆಗೆದರು. ಅವರ ಅಪ್ಪನದ್ದು. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ತಗ್ಗು ಬಿದ್ದಿತ್ತು. ಅದನ್ನು ನನ್ನ ಗೆಳತಿಯ ಕೈಗೆ ಕೊಟ್ಟು, "ಒಳಗಿನ ಅಂಚು, ಎಳೆಯ ಜೊತೆಗೇ ಹೋಗು" ಎಂದರು.

ಮುಚ್ಚಳವನ್ನು ಅಲುಗಾಡಿಸಿ ಬಿಡಿಸಿ, ಮಗುಚಿ, ಕಿಟಕಿ ಹತ್ತಿರ ಕೂತು ಅವಳು ಸುತ್ತಲೂ ಒಂದು ಮಿ.ಮೀ. ಕೆತ್ತಿದಳು. ಹೆಬ್ಬೆರಳು ಆ ತಗ್ಗಿನಲ್ಲೇ ಕೂತಿತ್ತು. ಸುರುಳಿ ಸುರುಳಿ ಮರ ನೆಲಕ್ಕೆ ಬಿತ್ತು, ದೊಡ್ಡಮ್ಮ ಒಂದೊಂದನ್ನೇ ಆರಿಸಿ ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೂರನೇ ಸಲ ಇಟ್ಟು ನೋಡಿದಾಗ ಮುಚ್ಚಳ ತಾನಾಗಿ ಕೆಳಗೆ ಇಳಿಯಿತು, ಒಳಗಿನ ಗಾಳಿ ಪುಸ್ ಅಂತ ಹೊರಗೆ ಬಂತು. "ಹಾವಾ" ಎಂದಳು ಅವಳು, ಧನ್ಯವಾದ ಅಂತ. ದೊಡ್ಡಮ್ಮ ಆ ಪದವನ್ನು ತಮ್ಮ ಊರಿನ ರೀತಿಯಲ್ಲಿ, ಗಂಟಲಲ್ಲಿ ಒಂದು ಚಿಕ್ಕ ತಡೆ ಕೊಟ್ಟು, ಮತ್ತೆ ಹೇಳಿ ತೋರಿಸಿದರು. ಅವಳು ಮತ್ತೆ ಹೇಳಿದಳು.